ನಡಾವಳಿ ಪುಸ್ತಕ ಒಣಗಿಸಿದವರಿಗೆ

ನಮ್ಮ ಮುಖ್ಯ ಶಿಕ್ಷಕರ ಸಂಘದ ಚರಿತ್ರೆ ಕೊನೆಗೂ ಅಚ್ಚಾಗಿ ಬಂತು. ಮಂಡ್ಯದ ಆ ರಾತ್ರಿಯ ಮಳೆ, ಕಡತದ ಕೊಠಡಿಗೆ ನುಗ್ಗಿದ ನೀರು, ನೆಂದುಹೋದ ಸಂಘದ ಹಳೇ ನಡಾವಳಿ ಪುಸ್ತಕಗಳು ನಿಮಗೆಲ್ಲ ಗೊತ್ತಿರುವುದೇ.

ಮೊದಲ ನಮಸ್ಕಾರ ನಮ್ಮ ಅಟೆಂಡರ್ ಅಣ್ಣನಿಗೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಬೆಳಗಾದ ಮೇಲೆ ಬಿಸಿಲಿಗೆ ಹರವಿದರಾಯಿತು ಎಂದುಕೊಂಡಿದ್ದವರನ್ನು ತಡೆದವರು ಅವರೇ. ಬಿಸಿಲಿಗೆ ಹಾಕಿದರೆ ಹಾಳೆ ಸುಕ್ಕುಗಟ್ಟಿ ರಟ್ಟು ಸೊಟ್ಟಗಾಗುತ್ತದೆ. ಹಾಗೇ ಬಿಟ್ಟರೆ ಎರಡೇ ದಿನಕ್ಕೆ ಬೂಷ್ಟು. ಪುಸ್ತಕಗಳನ್ನು ನಿಲ್ಲಿಸಿ, ಬೀಸಣಿಗೆಯ ಹಾಗೆ ಬಿಡಿಸಿ, ಹತ್ತಿಪ್ಪತ್ತು ಹಾಳೆಗೊಂದು ಖಾಲಿ ನ್ಯೂಸ್‌ಪ್ರಿಂಟ್ ತೂರಿಸಿದರು. ಅದು ನೆಂದಂತೆಲ್ಲ ಬದಲಿಸುತ್ತಾ ಬೆಳಗಿನವರೆಗೂ ಫ್ಯಾನ್ ಹಾಕಿಕೊಂಡು ಕೂತರು. ಹಳೇ ಪೇಪರ್ ಇಟ್ಟರೆ ಅದರ ಮಸಿ ಹಾಳೆಗೆ ಹತ್ತುತ್ತದಂತೆ. ಅಂಟಿಕೊಂಡ ಹಾಳೆಗೆ ಕೈ ಹಾಕಿದವರಿಗೆಲ್ಲ ಒಂದೇ ಮಾತು: "ಎಳೀಬ್ಯಾಡಿ ಸಾ, ಒಣಗ್ತಾ ಒಣಗ್ತಾ ತಾನೇ ಬುಟ್ಕತದೆ."

ಎಲ್ಲವೂ ಉಳಿಯಲಿಲ್ಲ. ಒಂದು ಪುಟದಲ್ಲಿ ಫೌಂಟನ್ ಪೆನ್ನಿನ ಠರಾವು ತೊಳೆದುಹೋಗಿ ತೆಳು ನೀಲಿ ಕಲೆಯಾಗಿದೆ. ಕೆಳಗೆ ಬಾಲ್‌ಪೆನ್ನಿನ ಸಹಿಗಳು ಮಾತ್ರ ಅಚ್ಚುಕಟ್ಟಾಗಿವೆ. ಯಾವುದಕ್ಕೆ ಒಪ್ಪಿ ಸಹಿ ಹಾಕಿದರೋ, ಕೇಳೋಣವೆಂದರೆ ಅವರಲ್ಲಿ ಒಬ್ಬರೂ ಇಲ್ಲ. ಆ ಪುಟದ ಮುಂದೆ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಪುಸ್ತಕದಲ್ಲಿ ಅದನ್ನು ಇದ್ದ ಹಾಗೇ ಅಚ್ಚು ಹಾಕಿದ್ದೇವೆ.

ತಾರೀಖು ಅಳಿಸಿಹೋದ ಕಾಗದಗಳ ಕಾಲ ಗುರುತಿಸಿಕೊಟ್ಟವರು ನಿವೃತ್ತ ಗುಮಾಸ್ತರು. ರಸೀದಿಯಲ್ಲಿ 'ನಯಾ ಪೈಸೆ' ಎಂದಿದ್ದರೆ 1957ರಿಂದ 1964ರ ಆಸುಪಾಸು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. ಲೆಟರ್‌ಹೆಡ್‌ನ 'ಮೈಸೂರು ರಾಜ್ಯ' ನೋಡಿ ಮೋಸಹೋಗಬೇಡಿ ಎಂದೂ ಎಚ್ಚರಿಸಿದರು. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಬದಲಾಯಿತು, ಸರಿ. ಆದರೆ ಅಚ್ಚು ಹಾಕಿಸಿಟ್ಟ ಕಾಗದವನ್ನು ಯಾವ ಮೇಷ್ಟ್ರು ತಾನೇ ಬಿಸಾಡುತ್ತಾರೆ? ಹೊಡೆದುಹಾಕಿ ಪಕ್ಕದಲ್ಲಿ 'ಕರ್ನಾಟಕ' ಎಂದು ಬರೆದು ಮುಗಿಯುವ ತನಕ ಬಳಸಿದ್ದಾರೆ.

1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಗುವ ಮುಂಚಿನ ಕಾಗದ ಹುಡುಕಿಕೊಟ್ಟ ಮೈಸೂರಿನ ಗೆಳೆಯರು, ಕರಡು ತಿದ್ದಿದವರು, ಫೋಟೊ ಕೊಟ್ಟ ಮನೆಯವರು, ಚಂದಾ ಎತ್ತಿದವರು, ಎಲ್ಲರಿಗೂ ವಂದನೆ.

ಮೂಲ ಪುಸ್ತಕಗಳು ಕಬ್ಬಿಣದ ಬೀರುವಿನ ಮೇಲಿನ ಎರಡು ಅರೆಗಳಲ್ಲಿವೆ. ಕೆಳಗಿನ ಅರೆ ಖಾಲಿ ಬಿಟ್ಟಿದ್ದೇವೆ, ದಯವಿಟ್ಟು ಅಲ್ಲಿ ಏನೂ ಇಡಬೇಡಿ. ಕೀ ಅಣ್ಣನ ಹತ್ತಿರ ಇದೆ.