ಮಗಳಿಗೊಂದು ಪತ್ರ: ಒಲೆ ಹಚ್ಚದ ಔತಣ

ತಿಪಟೂರು
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿ,

ಶುಕ್ರವಾರ ಅಪ್ಪ ಬೆಂಗಳೂರಿನ ರೈಲು ಹತ್ತುತ್ತಾರೆ. ಈ ಕಾಗದವನ್ನು ಅವರ ಕೈಯಲ್ಲೇ ಕೊಟ್ಟು ಕಳುಹಿಸುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಳತೆಗಳು ಕಿವಿಯಲ್ಲಿ ನಿಲ್ಲುವುದಿಲ್ಲ, ಕಣ್ಣೆದುರು ಇರಬೇಕು. ಅಡುಗೆಮನೆಯ ಗೋಡೆಗೆ ಅಂಟಿಸಿಕೋ.

ಹೊಸ ಬಾಡಿಗೆ ಮನೆಗೆ ಶನಿವಾರ ಹನ್ನೆರಡು ಜನರನ್ನು ಕರೆದಿದ್ದೀಯ, ಗ್ಯಾಸ್ ಸಂಪರ್ಕ ಇನ್ನೂ ಬಂದಿಲ್ಲ, ಇರುವುದು ಒಂದು ಮಿಕ್ಸಿ, ಒಂದು ಎಲೆಕ್ಟ್ರಿಕ್ ಕೆಟಲ್, ಒಂದು ಸಣ್ಣ ಫ್ರಿಜ್. ಅದು ನನಗೆ ಚಿಂತೆಯ ವಿಷಯವೇ ಅಲ್ಲ. ನೀನು ಕೊನೆಯಲ್ಲಿ ಹೇಳಿದ ಒಂದು ಮಾತು ಮಾತ್ರ ಸಂಜೆಯಿಂದ ಮನಸ್ಸಿನಲ್ಲೇ ಕೂತಿದೆ. ‘ಎಲ್ಲರಿಗೂ ಪನೀರಿನ ತಿಂಡಿ ತರಿಸುತ್ತೇನೆ ಅಮ್ಮ, ಕಚೇರಿಯ ಇಬ್ಬರು ವೀಗನ್, ಹಾಲು, ತುಪ್ಪ, ಜೇನನ್ನೂ ಮುಟ್ಟದವರು, ಅವರಿಗೆ ಏನೂ ಇರುವುದಿಲ್ಲ, ಒಂದು ತಟ್ಟೆಯಲ್ಲಿ ಹಣ್ಣು ಹೆಚ್ಚಿ ಇಟ್ಟುಬಿಡುತ್ತೇನೆ’ ಎಂದೆ. ನೀನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಎಂದು ಗೊತ್ತು. ಆದರೂ ಆ ಬೇರೆ ತಟ್ಟೆ ಬೇಡ ಪುಟ್ಟಿ. ಇಡೀ ಔತಣವನ್ನೇ ಅವರಿಬ್ಬರೂ ಉಣ್ಣುವಂಥದ್ದಾಗಿ ಮಾಡು. ಉಳಿದ ಹತ್ತು ಜನಕ್ಕೆ ಅದರಿಂದ ಕಡಿಮೆಯಾಗುವುದು ಏನೂ ಇಲ್ಲ.

ನಮ್ಮ ದೊಡ್ಡಮ್ಮನನ್ನು ನೀನು ನೋಡಿಲ್ಲ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ವರ್ಷದಲ್ಲಿ ಎಷ್ಟೋ ದಿನ ವ್ರತ ಹಿಡಿಯುತ್ತಿದ್ದರು, ಆ ದಿನಗಳಲ್ಲಿ ಒಲೆಯ ಮೇಲೆ ಬೆಂದದ್ದನ್ನು ಮುಟ್ಟುತ್ತಿರಲಿಲ್ಲ. ನನ್ನ ಚಿಕ್ಕಪ್ಪನ ಮದುವೆಯ ದಿನವೂ ಹಾಗೇ ಆಯಿತು. ಬೆಳಗಿನ ಜಾವದಿಂದ ಈಳಿಗೆಮಣೆಯ ಮೇಲೆ ಕೂತು ಅರವತ್ತೋ ಎಪ್ಪತ್ತೋ ಕಾಯಿ ತುರಿದವರು ಅವರೇ. ಮಧ್ಯಾಹ್ನ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿದರು. ಬಡಿಸುತ್ತಿದ್ದ ಯಾರೋ ಒಬ್ಬರು ಅವರ ಮುಂದೆ ನಿಂತು, ‘ನಿಮಗೇನೂ ಇಲ್ಲವಲ್ಲ ಅಕ್ಕಾ’ ಎಂದು ಮರುಕದಿಂದಲೇ ಹೇಳಿ ಮುಂದಕ್ಕೆ ಹೋದರು. ನನಗಾಗ ಎಂಟು ವರ್ಷ. ದೊಡ್ಡಮ್ಮ ಎದ್ದು ಉಗ್ರಾಣದ ಬಾಗಿಲ ಬಳಿ ಕಂಚಿನ ಬಟ್ಟಲು ಹಿಡಿದು ಕೂತರು. ನಾನು ಎಲೆ ಬಿಟ್ಟು ಅವರ ಹಿಂದೆಯೇ ಹೋದೆ. ಬಟ್ಟಲಿನಲ್ಲಿ ತೆಳು ಅವಲಕ್ಕಿ, ಕಾಯಿತುರಿ, ಬೆಲ್ಲ. ತುರಿದು ತುರಿದು ಬಿಳುಚಿಕೊಂಡಿದ್ದ ಬೆರಳುಗಳಿಂದ ಅದನ್ನು ಹಿಸುಕಿ, ಅಂಗೈಯಲ್ಲಿ ಒಂದು ಸುತ್ತು ತಿರುಗಿಸಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ ನನ್ನ ಬಾಯಿಗಿಟ್ಟರು. ಆ ಮದುವೆಯ ಊಟದಲ್ಲಿ ನನಗೆ ಇವತ್ತಿಗೂ ನೆನಪಿರುವ ರುಚಿ ಅದೊಂದೇ.

ದೊಡ್ಡಮ್ಮ ಹಾಲು, ಮೊಸರು ಬಿಟ್ಟವರಲ್ಲ. ವೀಗನ್ ಎಂಬ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಅವರಿಗೆ ಅದು ಗೊತ್ತಿರುವ ಪ್ರಶ್ನೆಯೇ ಇಲ್ಲ. ಆದರೆ ಆ ಬಟ್ಟಲಿನಲ್ಲಿ ಇದ್ದದ್ದೆಲ್ಲ ನೆಲದಿಂದ, ಮರದಿಂದ ಬಂದದ್ದು. ಒಲೆಯೂ ಬೇಕಾಗಿರಲಿಲ್ಲ. ನಿನ್ನ ಶನಿವಾರದ ತಟ್ಟೆಯಲ್ಲಿ ಮೊದಲು ಆ ಉಂಡೆಯೇ ಇರಲಿ.

ಎರಡು ಲೋಟ ತೆಳು ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ಮಾತ್ರ ತಿರುಗಿಸು, ರವೆಯಷ್ಟು ತರಿ ಉಳಿಯಲಿ. ಹಿಟ್ಟಾದರೆ ಬಾಯಿಗೆ ಅಂಟುತ್ತದೆ. ಒಂದು ಲೋಟ ಹಸಿ ಕಾಯಿತುರಿಗೆ ಅರ್ಧ ಲೋಟ ಪುಡಿಬೆಲ್ಲ, ಏಲಕ್ಕಿ, ಒಂದು ಚಿಟಿಕೆ ಉಪ್ಪು ಹಾಕಿ ಕೈಯಿಂದಲೇ ಚೆನ್ನಾಗಿ ಕಿವುಚು. ಎರಡು ನಿಮಿಷದಲ್ಲಿ ಕಾಯಿಯ ನೀರಿಗೆ ಬೆಲ್ಲ ಕರಗಿ ತುರಿಯೆಲ್ಲ ಒದ್ದೆಯಾಗುತ್ತದೆ. ಅದೇ ಈ ಉಂಡೆಗೆ ಪಾಕ. ಆಮೇಲೆ ಅವಲಕ್ಕಿ ಸೇರಿಸಿ ಹತ್ತು ನಿಮಿಷ ಮುಚ್ಚಿಡು, ತೇವ ಕುಡಿದು ಮೆತ್ತಗಾಗಲಿ. ಉಂಡೆ ನಿಲ್ಲದಿದ್ದರೆ ಬಿಸಿನೀರು ಒಂದು ಚಮಚ ಚಿಮುಕಿಸು, ಹೆಚ್ಚು ಬೇಡ. ತುಪ್ಪ ಬೇಕೆಂದು ಅನ್ನಿಸುವುದೇ ಇಲ್ಲ, ಕಾಯಿಯಲ್ಲೇ ಜಿಡ್ಡಿದೆ. ಹಸಿ ಕಾಯಿ ಬೇಗ ಹಳಸುತ್ತದೆ, ಹಾಗಾಗಿ ಶನಿವಾರ ಮಧ್ಯಾಹ್ನದ ಮೇಲೆಯೇ ಕಟ್ಟು.

ಅವಲಕ್ಕಿ ಹಸಿ ಪದಾರ್ಥ ಎಂದು ನಿನ್ನ ಗೆಳತಿಯರು ಹಿಂಜರಿದರೆ ಹೇಳು: ಅಂಗಡಿಗೆ ಬರುವ ಮೊದಲೇ ಭತ್ತ ನೆನೆದು, ಹುರಿದು, ಕುಟ್ಟಿಸಿಕೊಂಡು ಬಂದಿರುತ್ತದೆ. ಹುರಿಗಡಲೆ, ಹುರಿದ ಕಡಲೆಕಾಯಿ, ನಿಪ್ಪಟ್ಟು ಎಲ್ಲವೂ ಹಾಗೆಯೇ. ಒಲೆ ಇಲ್ಲದ ಅಡುಗೆಯಲ್ಲಿ ಬೆಂಕಿಯ ಮುಂದೆ ಯಾರೋ ಆಗಲೇ ಬೆವರು ಸುರಿಸಿರುತ್ತಾರೆ, ನೀನು ಅದನ್ನು ಜೋಡಿಸುತ್ತೀಯ ಅಷ್ಟೆ.

ಎರಡನೆಯ ಸಿಹಿಯನ್ನು ಶುಕ್ರವಾರ ರಾತ್ರಿಯೇ ಮುಗಿಸಿಬಿಡಬಹುದು. ಬೀಜ ತೆಗೆದ ಖರ್ಜೂರ ಕಾಲು ಕೆಜಿ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ 150 ಗ್ರಾಂ, ಹುರಿದ ಬಿಳಿ ಎಳ್ಳು ಎರಡು ಚಮಚ. ಮೊದಲು ಕಡಲೆಕಾಯಿಯನ್ನು ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡು, ಎಣ್ಣೆ ಬಿಡುವ ಹೊತ್ತಿಗೆ ಖರ್ಜೂರ ಹಾಕು. ಜಾರಿನೊಳಗೆ ಎಲ್ಲ ಒಂದೇ ಮುದ್ದೆಯಾಗಿ ಸುತ್ತತೊಡಗಿದರೆ ಆಯಿತು. ಎಳ್ಳು ಬೆರೆಸಿ, ಸಣ್ಣ ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ ಒಣಕೊಬ್ಬರಿ ತುರಿಯಲ್ಲಿ ಹೊರಳಿಸು. ಇಪ್ಪತ್ತು ಇಪ್ಪತ್ತೆರಡು ಆಗುತ್ತವೆ. ಕೊಬ್ಬರಿ ನಮ್ಮ ಊರಿನದ್ದೇ ಇರಲಿ, ಅಪ್ಪನ ಚೀಲದಲ್ಲಿ ಇಟ್ಟಿದ್ದೇನೆ. ಬೆಂಗಳೂರಿನಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಬಿಳಿ ಪುಡಿಗೆ ಆ ಸಿಹಿಯೂ ಇಲ್ಲ, ವಾಸನೆಯೂ ಇಲ್ಲ. ಒಂದು ಮಾತು, ಕಡಲೆಕಾಯಿ ಆಗದವರು ಯಾರಾದರೂ ಬರುತ್ತಾರೆಯೇ ಎಂದು ಎಲ್ಲರನ್ನೂ ಇವತ್ತೇ ಕೇಳು. ಅದು ತಮಾಷೆಯ ವಿಷಯವಲ್ಲ, ಕೆಲವರಿಗೆ ಉಸಿರೇ ಕಟ್ಟುತ್ತದೆ. ಅಂಥವರು ಇದ್ದರೆ ಈ ಉಂಡೆಯನ್ನೇ ಬಿಟ್ಟುಬಿಡು.

ಈಗ ಖಾರಕ್ಕೆ ಬರೋಣ. ಕೋಸಂಬರಿ ನಿನಗೆ ಗೊತ್ತೇ ಇದೆ, ಆದರೆ ಚಮಚ ಬಟ್ಟಲುಗಳ ಗೋಜಿಲ್ಲದೆ ಕೈಯಲ್ಲಿ ಹಿಡಿದು ತಿನ್ನುವ ಹಾಗೆ ಮಾಡಬಹುದು. ನಾಲ್ಕು ನೀಳವಾದ ಸೌತೆಕಾಯಿ ತಂದು ಹೆಬ್ಬೆರಳಿನ ಅಗಲಕ್ಕೆ ದಪ್ಪ ಬಿಲ್ಲೆ ಹೆಚ್ಚು. ಸಣ್ಣ ಚಮಚದಿಂದ ನಡುವಿನ ಬೀಜದ ಭಾಗವನ್ನು ಕೆರೆದು ತೆಗೆ, ತಳ ತೂತಾಗದಿರಲಿ. ಪುಟ್ಟ ಬಟ್ಟಲಾಯಿತು. ಮುಕ್ಕಾಲು ಲೋಟ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ಜರಡಿಯಲ್ಲಿ ಸುರಿದು, ನೀರು ಪೂರ್ತಿ ಇಳಿಯುವವರೆಗೆ ಬಿಡು. ಉಗುರಿನಿಂದ ಒತ್ತಿದರೆ ಬೇಳೆ ತುಂಡಾಗಬೇಕು, ಹಲ್ಲಿಗೆ ಮಾತ್ರ ಕರುಂ ಎನ್ನಬೇಕು. ಅದಕ್ಕೆ ಕಾಯಿತುರಿ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಮಾವಿನಕಾಯಿ ಸಿಕ್ಕರೆ ಅದರ ತುರಿ, ಸಿಗದಿದ್ದರೆ ನಿಂಬೆರಸ. ಒಗ್ಗರಣೆ ಇಲ್ಲವಲ್ಲ ಎಂದು ಕೊರಗಬೇಡ. ರಾಮನವಮಿಯ ದಿನ ನಿನ್ನ ಅಜ್ಜಿ ಒಗ್ಗರಣೆ ಇಲ್ಲದೆಯೇ ಮಾಡುತ್ತಿದ್ದರು, ಬೇಳೆಯ ರುಚಿ ಆಗಲೇ ಚೆನ್ನಾಗಿ ಗೊತ್ತಾಗುತ್ತಿತ್ತು. ಉಪ್ಪನ್ನು ಮಾತ್ರ ತುಂಬುವ ಹೊತ್ತಿಗೆ ಹಾಕು. ಮೊದಲೇ ಹಾಕಿದರೆ ನೀರು ಬಿಟ್ಟು ತಟ್ಟೆಯೆಲ್ಲ ಕೊಳವಾಗುತ್ತದೆ. ಸೌತೆಕಾಯಿಯ ಬಟ್ಟಲಿಗೂ ಒಳಗೆ ಉಪ್ಪು ಸವರಬೇಡ.

ನಿಪ್ಪಟ್ಟು ಮಸಾಲೆಗೆ ನಿನ್ನ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯೇ ಸಾಕು. ಸಣ್ಣ ನಿಪ್ಪಟ್ಟು ಇಪ್ಪತ್ತೈದು ತಾ. ಕೊಳ್ಳುವ ಮೊದಲು ಹಿಟ್ಟಿಗೆ ಬೆಣ್ಣೆ ಅಥವಾ ತುಪ್ಪ ಕಾಯಿಸಿ ಹಾಕಿದ್ದಾರೆಯೇ ಎಂದು ಕೇಳು. ಎಣ್ಣೆಯಾದರೆ ತೊಂದರೆಯಿಲ್ಲ, ಡಾಲ್ಡಾ ಕೂಡ ಎಣ್ಣೆಯಿಂದಲೇ ಆಗುವುದು. ಮೇಲಕ್ಕೆ ಪುದೀನ ಕೊತ್ತಂಬರಿ ಚಟ್ನಿ ಒಂದು ಬೊಟ್ಟು, ಈರುಳ್ಳಿ, ಕ್ಯಾರೆಟ್ ತುರಿ, ಟೊಮೆಟೊ, ನಿಂಬೆರಸ. ಜನ ಬಂದು ಕೂತ ಮೇಲೆಯೇ ಇದಕ್ಕೆ ಕೈ ಹಾಕು. ಐದು ನಿಮಿಷ ತಡವಾದರೂ ನಿಪ್ಪಟ್ಟು ಮೆತ್ತಗಾಗಿ ಮುರಿಯುವ ಸದ್ದೇ ಹೋಗುತ್ತದೆ. ಒಬ್ಬಿಬ್ಬರನ್ನು ಕರೆದು ನಿನ್ನ ಜೊತೆ ನಿಲ್ಲಿಸಿಕೋ, ಜೋಡಿಸುತ್ತಾ ಮಾತಾಡುವುದೇ ಒಂದು ಸಂತೋಷ.

ಸ್ಯಾಂಡ್‌ವಿಚ್ ಸುಲಭ. ಬೆಣ್ಣೆಯ ಬದಲು ಕಾಯಿಚಟ್ನಿ: ಕಾಯಿ, ಒಂದು ಹಿಡಿ ಹುರಿಗಡಲೆ, ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ಉಪ್ಪು. ನೀರು ಎರಡು ಚಮಚಕ್ಕಿಂತ ಹೆಚ್ಚು ಬೇಡ, ಗಟ್ಟಿಯಾಗಿ ರುಬ್ಬು. ಬ್ರೆಡ್ಡಿನ ಎರಡೂ ಹೋಳಿಗೆ ಅಂಚಿನವರೆಗೆ ಸವರಿದರೆ ಚಟ್ನಿಯ ಜಿಡ್ಡು ನಡುವೆ ಇಡುವ ಟೊಮೆಟೊ ಬಿಲ್ಲೆಗಳ ನೀರನ್ನು ಬ್ರೆಡ್ಡಿಗೆ ಸುಲಭವಾಗಿ ಇಳಿಯಗೊಡುವುದಿಲ್ಲ. ಹನ್ನೆರಡು ಹೋಳಿನಲ್ಲಿ ಆರು ಸ್ಯಾಂಡ್‌ವಿಚ್, ಒಂದೊಂದನ್ನೂ ನಾಲ್ಕಾಗಿ ಕತ್ತರಿಸಿ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್‌ನಲ್ಲಿಡು. ಹೊರಗೆ ತೆಗೆದಿಟ್ಟ ಮೇಲೆ ಎರಡು ಗಂಟೆಯೊಳಗೆ ಖಾಲಿಯಾಗಬೇಕು, ಕಾಯಿ ಇರುವ ಎಲ್ಲದಕ್ಕೂ ಇದೇ ಮಾತು.

ಬ್ರೆಡ್ ಕೊಳ್ಳುವಾಗ ಹಸಿರು ಚುಕ್ಕೆ ನೋಡಿ ನಿಶ್ಚಿಂತಳಾಗಬೇಡ. ಅದು ಸಸ್ಯಾಹಾರ ಎಂದಷ್ಟೇ ಹೇಳುತ್ತದೆ. ಹಾಲು, ಬೆಣ್ಣೆ, ಜೇನುತುಪ್ಪ ಇದ್ದರೂ ಅದೇ ಚುಕ್ಕೆ. ವೀಗನ್ ತಿನಿಸಿಗೆಂದೇ ನಮ್ಮ ದೇಶದಲ್ಲಿ 2022ರಲ್ಲಿ ಬೇರೆ ನಿಯಮ ಬಂದಿದೆ, ಹಸಿರು ‘ವಿ’ ಅಕ್ಷರದ ಬೇರೆ ಗುರುತೂ ಇದೆ. ಆದರೆ ಎಲ್ಲ ಪ್ಯಾಕೆಟ್ಟಿನ ಮೇಲೂ ಅದು ಕಾಣುವುದಿಲ್ಲ. ಹಿಂಬದಿಯ ಸಣ್ಣ ಅಕ್ಷರ ಓದು: ಹಾಲಿನ ಪುಡಿ, ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್, ಇವೆಲ್ಲ ಹಾಲೇ. ಇವು ಕೆಲವು ಬಿಸ್ಕತ್ತು, ಚಿಪ್ಸಿನ ಮಸಾಲೆಯಲ್ಲೂ ಸೇರಿರುತ್ತವೆ. ನಮ್ಮ ತಿನಿಸುಗಳಲ್ಲೂ ಹೀಗೆಯೇ ಕಣ್ಣಿಗೆ ಕಾಣದ ಹಾಲಿದೆ. ಸಂಕ್ರಾಂತಿಯ ಎಳ್ಳುಬೆಲ್ಲ ಪೂರ್ತಿ ಗಿಡದ್ದೇ, ತಟ್ಟೆಯ ಮೂಲೆಯಲ್ಲಿ ಇಡಲು ಅದಕ್ಕಿಂತ ಚಂದದ್ದು ಇಲ್ಲ. ಆದರೆ ಜೊತೆಗಿಡುವ ಸಕ್ಕರೆ ಅಚ್ಚಿನ ಪಾಕಕ್ಕೆ ಕೊಳೆ ತೆಗೆಯಲು ಹಾಲು ಹಾಕಿರುತ್ತೇವೆ. ಬೆಣ್ಣೆ ಮುರುಕಿನ ಕಥೆಯನ್ನು ಅದರ ಹೆಸರೇ ಹೇಳುತ್ತದೆ.

ವೀಗನ್ ಎಂದ ಕೂಡಲೇ ದುಬಾರಿ ಅಂಗಡಿಗೆ ಓಡಬೇಡ. ಬಾದಾಮಿ ಹಾಲು, ಗೋಡಂಬಿಯ ಚೀಸ್ ಯಾವುದೂ ಬೇಕಿಲ್ಲ. ಇಲ್ಲದ ಪನೀರನ್ನು ನೆನಪಿಸುವ ತಿಂಡಿಗಿಂತ ತನ್ನ ರುಚಿಯಲ್ಲೇ ಪೂರ್ತಿಯಾದ ತಿಂಡಿ ನನಗೆ ಇಷ್ಟ. ಕುಡಿಯಲು ಮಜ್ಜಿಗೆಯ ಬದಲು ಬೆಲ್ಲದ ಪಾನಕ ಮಾಡು, ಒಣಶುಂಠಿ ಸ್ವಲ್ಪ ಹೆಚ್ಚೇ ಇರಲಿ.

ಇನ್ನೊಂದು ವಿಷಯ. ‘ಇದು ವೀಗನ್’ ಎಂದು ಚೀಟಿ ಬರೆದು ಅಂಟಿಸಬೇಡ. ಬಂದ ಕೂಡಲೇ ಅವರಿಬ್ಬರನ್ನೂ ಪಕ್ಕಕ್ಕೆ ಕರೆದು, ‘ಮೇಜಿನ ಮೇಲಿರುವುದೆಲ್ಲ ನೀವು ತಿನ್ನಬಹುದು, ಹಾಲು ತುಪ್ಪ ಎಲ್ಲೂ ಇಲ್ಲ, ನಾನೇ ನೋಡಿ ತಂದಿದ್ದೇನೆ’ ಎಂದು ಒಂದೇ ಸಲ ಹೇಳು. ಆಮೇಲೆ ಅವರು ಪ್ರತಿ ತಟ್ಟೆಯ ಮುಂದೆ ನಿಂತು ಇದರಲ್ಲಿ ಏನಿದೆ, ಅದರಲ್ಲಿ ಏನಿದೆ ಎಂದು ಕೇಳಬೇಕಾಗುವುದಿಲ್ಲ.

ಅಪ್ಪನ ಚೀಲದಲ್ಲಿ ಒಂದು ಕೆಜಿ ಕೊಬ್ಬರಿ, ಒಂದು ಅಚ್ಚು ಬೆಲ್ಲ, ತೆಳು ಅವಲಕ್ಕಿ, ಆರು ತೆಂಗಿನಕಾಯಿ ಇವೆ. ದೊಡ್ಡಮ್ಮನ ಕಂಚಿನ ಬಟ್ಟಲನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದೇನೆ, ಅವಲಕ್ಕಿ ಉಂಡೆಯನ್ನು ಅದರಲ್ಲೇ ಇಡು, ಮೇಜಿನ ನಡುವೆ. ಕಾಯಿಗಳಿಗೆ ಜುಟ್ಟು ಬಿಟ್ಟೇ ಸುಲಿಸಿದ್ದೇನೆ. ಒಡೆಯುವ ತನಕ ಅದನ್ನು ಕೀಳಬೇಡ, ಕಣ್ಣು ಬಿಟ್ಟುಕೊಂಡ ಕಾಯಿ ಬೇಗ ಕೆಡುತ್ತದೆ.

ನಿನ್ನ
ಅಮ್ಮ