ಕಥೆ ಗೊತ್ತಾದ ಮೇಲೆ ನೋಡುವುದೇನು?

ಸಂಪಾದಕರಿಗೆ,

ಮಾನ್ಯರೇ,

ತುಮಕೂರು ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಕುರುಕ್ಷೇತ್ರ ನಾಟಕಕ್ಕೆ ಕಥೆ ತಿಳಿಯಲೆಂದು ಯಾರೂ ಬರುವುದಿಲ್ಲ. ದುರ್ಯೋಧನನ ತೊಡೆ ಮುರಿಯುತ್ತದೆಂದು ಮುಂದೆ ಚಾಪೆ ಹಾಸಿಕೊಂಡು ಕೂತ ಮಕ್ಕಳಿಗೂ ಗೊತ್ತು. ಈ ಸಲದ ದುರ್ಯೋಧನ ಕಂದಪದ್ಯವನ್ನು ಎಲ್ಲಿಗೆ ಎತ್ತುತ್ತಾನೆ, ಹಾರ್ಮೋನಿಯಂ ಮೇಷ್ಟ್ರು ಎಲ್ಲಿ ಬಿಟ್ಟುಕೊಟ್ಟು ಎಲ್ಲಿ ಹಿಡಿದುಕೊಳ್ಳುತ್ತಾರೆ ಎಂಬುದರ ಮೇಲೆಯೇ ಎಲ್ಲರ ಕಣ್ಣು. ಹಿಡಿಸಿದರೆ ‘ಒನ್ಸ್ ಮೋರ್’. ಗುಬ್ಬಿ ಕಂಪನಿಯ ಜಿಲ್ಲೆಯವರಾದ ನಾವೇ ಸಿನಿಮಾ ವಿಷಯಕ್ಕೆ ಬಂದರೆ ಮಾತ್ರ ‘ಕಥೆ ಗೊತ್ತಲ್ಲ, ಮತ್ತೇನು ನೋಡೋದು’ ಅನ್ನುತ್ತೇವೆ. ಪತ್ರಿಕೆಗಳ ವಿಮರ್ಶೆಯೂ ಬಿಡುಗಡೆಯ ದಿನದ ಒಂದೇ ನೋಟಕ್ಕೆ ಮುಗಿದುಹೋಗುತ್ತದೆ.

ಎರಡನೇ ಸಲಕ್ಕೆ ಬೆಳೆಯುವ ಚಿತ್ರ ಎಂದರೆ ಏನು ಎಂಬುದಕ್ಕೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕಿಂತ (1977) ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮೊದಲ ಸಲ ನಾವು ನಾಣಿ ಎಂಬ ಹುಡುಗನ ಪಕ್ಕದಲ್ಲಿ ಕೂತಿರುತ್ತೇವೆ. ಅವನ ಗುರುಗಳ ವಿಧವೆ ಮಗಳು ಯಮುನಕ್ಕನ ಸಂಕಟ ಅವನಿಗೆ ಅರ್ಥವಾದಷ್ಟೇ ನಮಗೂ ಅರ್ಥ. ಮತ್ತೆ ನೋಡಿದಾಗ ಮೊದಲ ದೃಶ್ಯದಿಂದಲೇ ನಾವು ಯಮುನಕ್ಕನ ಪಕ್ಕಕ್ಕೆ ಬಂದಿರುತ್ತೇವೆ. ಅವಳು ಹುಡುಗನ ಎದುರು ಏನನ್ನು ಮುಚ್ಚಿಡುತ್ತಿದ್ದಾಳೆ, ಎಲ್ಲಿ ಮುಖ ತಿರುಗಿಸುತ್ತಾಳೆ, ಎಲ್ಲಿ ಸುಮ್ಮನಾಗುತ್ತಾಳೆ ಎಲ್ಲವೂ ಕಾಣುತ್ತದೆ. ಅದೇ ಚಿತ್ರ, ನೋಡುವವರ ಜಾಗ ಮಾತ್ರ ಬೇರೆ.

‘ಲೂಸಿಯಾ’ದಲ್ಲಿ (2013) ನಾಯಕನ ಒಂದು ಬದುಕು ಬಣ್ಣದಲ್ಲಿದೆ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಯಾವುದು ಕನಸು ಎಂದು ಮೊದಲ ಸಲ ಅಭ್ಯಾಸಬಲದಿಂದ ತೀರ್ಮಾನಿಸಿಬಿಡುತ್ತೇವೆ; ಮರುನೋಟದಲ್ಲಿ ಆ ಅಭ್ಯಾಸವನ್ನೇ ಚಿತ್ರ ಹೇಗೆ ಬಳಸಿಕೊಂಡಿತು ಎಂದು ನೋಡಬಹುದು. ‘ಉಳಿದವರು ಕಂಡಂತೆ’ಗೆ (2014) ಒಂದು ನೋಟ್‌ಬುಕ್ ಬೇಕು: ಪ್ರತಿ ಅಧ್ಯಾಯಕ್ಕೂ ‘ಯಾರು ಕಂಡದ್ದು’ ಎಂದು ಒಂದು ಸಾಲು ಬರೆದುಕೊಂಡರೆ ಸಾಕು, ಗೊಂದಲ ಎನಿಸಿದ್ದು ಅರ್ಧ ತಿಳಿಯಾಗುತ್ತದೆ. ‘ತಿಥಿ’ಯ ಸಮಸ್ಯೆಯೇ ಬೇರೆ. ಮಂಡ್ಯದ ಕಡೆಯ ಮಾತಿಗೆ ನಕ್ಕು ಮುಗಿಸುವಷ್ಟರಲ್ಲಿ ಮುಂದಿನ ಮಾತು ಹೋಗಿರುತ್ತದೆ. ಕನ್ನಡಿಗರು ಅದನ್ನು ಸಬ್‌ಟೈಟಲ್ ಆಫ್ ಮಾಡಿ ನೋಡಬೇಕು. ಅಕ್ಷರ ಇದ್ದರೆ ಕಣ್ಣು ಕೆಳಗೇ ಇರುತ್ತದೆ, ಅಲೆಯುವ ಮುದುಕ ಗಡ್ಡಪ್ಪನ ನಡಿಗೆ ಕಾಣುವುದಿಲ್ಲ.

ಎಲ್ಲ ಚಿತ್ರಕ್ಕೂ ಈ ಭಾಗ್ಯವಿಲ್ಲ. ಕೊನೆಯ ಒಂದು ತಿರುವನ್ನೇ ನಂಬಿದ ಥ್ರಿಲ್ಲರ್‌ಗಳಲ್ಲಿ ಬಹುಪಾಲು ಮರುನೋಟದಲ್ಲಿ ಸೋಲುತ್ತವೆ. ಗುಟ್ಟು ಗೊತ್ತಿರುವ ಪಾತ್ರ ಒಂಟಿಯಾಗಿರುವ ದೃಶ್ಯವನ್ನು ಗಮನಿಸಿ. ಯಾರೂ ಇಲ್ಲದ ಕೋಣೆಯಲ್ಲೂ ಅದು ಗುಟ್ಟು ಗೊತ್ತಿಲ್ಲದಂತೆ ನಟಿಸುತ್ತಿದ್ದರೆ ನಿರ್ದೇಶಕರು ನಮಗೆ ಟೋಪಿ ಹಾಕಿದ್ದಾರೆ ಎಂದೇ ಲೆಕ್ಕ.

ಮರುನೋಟಕ್ಕೆ ಎರಡು ಮೂರು ವಾರದ ಅಂತರ ಒಳ್ಳೆಯದು. ಮರುದಿನವೇ ನೋಡಿದರೆ ನೆನಪೇ ಮುಂದೆ ಓಡಿ, ಕಣ್ಣಿಗೆ ಕೆಲಸ ಉಳಿಯುವುದಿಲ್ಲ. ಮಾತಾಡುವವರನ್ನು ಬಿಟ್ಟು ಕೇಳಿಸಿಕೊಳ್ಳುವವರ ಮುಖ ನೋಡಿ.

ಆದರೆ ಎರಡನೇ ನೋಟ ಸಾಮಾನ್ಯವಾಗಿ ನಡೆಯುವುದು ಮನೆಯ ಟೀವಿಯಲ್ಲಿ. ಕೆಡುವುದೂ ಅಲ್ಲೇ. ಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರದ ಅಗಲ ಎತ್ತರದ 2.39ರಷ್ಟು; ಟೀವಿಯದು 1.78ರಷ್ಟು. 43 ಇಂಚಿನ ಟೀವಿಯ ಪರದೆ 95 ಸೆಂ.ಮೀ. ಅಗಲ, 53 ಸೆಂ.ಮೀ. ಎತ್ತರ ಇರುತ್ತದೆ. ಅದರಲ್ಲಿ ಸ್ಕೋಪ್ ಚಿತ್ರ 40 ಸೆಂ.ಮೀ. ಎತ್ತರದಲ್ಲಿ ಕೂತು, ಮೇಲೆ ಕೆಳಗೆ ಏಳೇಳು ಸೆಂ.ಮೀ.ನಷ್ಟು ಕಪ್ಪು ಪಟ್ಟಿ ಉಳಿಯಬೇಕು. ‘ಪರದೆ ಖಾಲಿ ಬಿಟ್ಟಿದ್ದಾರೆ’ ಎಂದು ಜೂಮ್ ಒತ್ತಿದರೆ ಪಟ್ಟಿಯೇನೋ ಹೋಗುತ್ತದೆ, ಜೊತೆಗೆ ಚಿತ್ರದ ಕಾಲು ಭಾಗವೂ ಎಡಬಲದಲ್ಲಿ ಹೋಗುತ್ತದೆ. ಮರುನೋಟದಲ್ಲಿ ನೋಡಬೇಕಾದ್ದು ಚೌಕಟ್ಟಿನ ಅಂಚನ್ನು; ಅದೇ ಇಲ್ಲ! ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಇದರ ಉಲ್ಟಾ ಶಿಕ್ಷೆ. ಅಗಲ-ಎತ್ತರ 4:3ರ ಅನುಪಾತದಲ್ಲಿರುವ ಚಿತ್ರವನ್ನು ಪರದೆ ತುಂಬ ಎಳೆದರೆ ಎಲ್ಲರ ಮುಖವೂ ಮೂರನೇ ಒಂದು ಭಾಗ ಅಗಲವಾಗಿ ರೊಟ್ಟಿಯಂತಾಗುತ್ತದೆ. ‘ಘಟಶ್ರಾದ್ಧ’ವನ್ನು ಪುನರುಜ್ಜೀವಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂಥ ಪ್ರತಿ ಕೈಗೆ ಸಿಕ್ಕರೂ ರಿಮೋಟ್‌ನ ಒಂದು ಗುಂಡಿ ಅದನ್ನು ಹಾಳುಮಾಡಬಲ್ಲದು.

ವೇಗದ್ದು ಇನ್ನೊಂದು ತಕರಾರು. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟು, ಅಂದರೆ 24 ಬಿಡಿ ಚಿತ್ರ (ಫ್ರೇಮ್). ನಮ್ಮ ಹಳೆಯ ಟೀವಿ, ಡಿವಿಡಿ ಪದ್ಧತಿಯಲ್ಲಿ 25. ಹಾಗಾಗಿ 150 ನಿಮಿಷದ ಚಿತ್ರ ಒಂದು ಚೂರೂ ಕತ್ತರಿಸದೆ 144 ನಿಮಿಷಕ್ಕೆ ಮುಗಿಯುತ್ತದೆ. ಶ್ರುತಿ ಸರಿಪಡಿಸದ ಪ್ರತಿಯಾದರೆ ಹಾಡು ಹಾರ್ಮೋನಿಯಂನ ಒಂದು ಮನೆಗೆ ತುಸು ಕಡಿಮೆ ಮೇಲೇರಿರುತ್ತದೆ. ನಾಟಕದ ಮೇಷ್ಟ್ರುಗಳ ಕಿವಿಗೆ ಇದು ತಕ್ಷಣ ಸಿಗುತ್ತದೆ. ಹೊಸ ಟೀವಿಗಳು ಚೌಕಟ್ಟುಗಳ ನಡುವೆ ತಾವೇ ಹೊಸ ಚೌಕಟ್ಟು ಹುಟ್ಟಿಸಿ ಚಲನೆಯನ್ನು ನುಣುಪು ಮಾಡುತ್ತವೆ, ಸಿನಿಮಾ ಧಾರಾವಾಹಿಯಂತೆ ಕಾಣುವುದು ಇದರಿಂದಲೇ. ಸೆಟ್ಟಿಂಗ್ಸ್‌ನಲ್ಲಿ ‘ಮೋಷನ್’ ಎಂದಿರುವುದನ್ನು ಆಫ್ ಮಾಡಿ. ಮಾತು ಪಿಸುಗುಟ್ಟಿದಂತೆ, ಹಾಡು ಕಿರುಚಿದಂತೆ ಕೇಳಿದರೆ ಧ್ವನಿಯನ್ನು 5.1ರಿಂದ ಸ್ಟೀರಿಯೊಗೆ ಬದಲಿಸಿ. ಐದು ಸ್ಪೀಕರಿಗೆ ಹಂಚಿದ್ದರಲ್ಲಿ ಮಾತು ನಡುವಿನದಕ್ಕೆ ಸೇರಿದ್ದು, ಆ ಸ್ಪೀಕರೇ ನಿಮ್ಮ ಟೀವಿಯಲ್ಲಿ ಇಲ್ಲ.

ಕತ್ತರಿ ಬಿದ್ದಿದೆಯೇ ಎಂದು ತಿಳಿಯಲು ಚಿತ್ರದ ಮೊದಲು ಬರುವ ಸೆನ್ಸಾರ್ ಸರ್ಟಿಫಿಕೇಟ್ ನೋಡಿ. ಹೊಸದರಲ್ಲಿ ಅವಧಿ ನಿಮಿಷದಲ್ಲಿದೆ. ಹಳೆಯದರಲ್ಲಿ ಮೀಟರ್‌ನಲ್ಲಿದ್ದರೆ 27.4ರಿಂದ ಭಾಗಿಸಿ: 4,100 ಮೀಟರ್ ಎಂದರೆ ಸುಮಾರು 150 ನಿಮಿಷ. 25 ಚೌಕಟ್ಟಿನ ಲೆಕ್ಕಕ್ಕೆ ಶೇಕಡ 4 ಕಳೆದ ಮೇಲೂ ಕಡಿಮೆ ಬಿದ್ದರೆ ಯಾರೋ ಕತ್ತರಿಸಿದ್ದಾರೆ, ಹೆಚ್ಚಾಗಿ ಹಾಡನ್ನು.

ತಮ್ಮಲ್ಲಿ ಕೋರಿಕೆ ಎರಡು. ವಿಮರ್ಶೆಯ ಕೆಳಗೆ ತಾರೆಯರ ಹೆಸರಿನ ಜೊತೆ ಸೆನ್ಸಾರ್ ಆದ ಅವಧಿಯನ್ನೂ, ಚಿತ್ರ ಸ್ಕೋಪೋ ಅಲ್ಲವೋ ಎಂಬುದನ್ನೂ ಒಂದು ಸಾಲಿನಲ್ಲಿ ಹಾಕಿ. ಹಾಗೆಯೇ ತಿಂಗಳಿಗೊಮ್ಮೆ, ಬಿಡುಗಡೆಯಾಗಿ ನಾಲ್ಕೈದು ವಾರ ಕಳೆದ ಒಂದು ಚಿತ್ರವನ್ನು ಅದೇ ವಿಮರ್ಶಕರಿಂದ ಮತ್ತೆ ನೋಡಿಸಿ ಬರೆಸಿ. ಮೊದಲು ಕೊಟ್ಟ ಅಂಕವನ್ನು ಅವರು ತಿದ್ದಬೇಕಾಗಿ ಬಂದರೆ ತಿದ್ದಲಿ.

ಇಂತಿ,
ಕೆಲವು ಚಿತ್ರಾಸಕ್ತರು
ತುಮಕೂರು