ಎರೆಭೂತ ನವಿಲಿನ ಬಳಗದ್ದಲ್ಲ

ಮಾನ್ಯರೇ,

ಹಾವೇರಿ ಜಿಲ್ಲೆಯ ಹಕ್ಕಿಗಳ ಬಗ್ಗೆ ಬರೆಯುವವರು ಎರೆಭೂತವನ್ನು (ಗ್ರೇಟ್ ಇಂಡಿಯನ್ ಬಸ್ಟರ್ಡ್) ‘ನವಿಲಿನ ಜಾತಿಯ ದೊಡ್ಡ ಹಕ್ಕಿ’ ಎಂದುಬಿಡುತ್ತಾರೆ. ಎರಡೂ ನೆಲದ ಮೇಲೆ ಮೇಯುತ್ತವೆ, ಎರಡರಲ್ಲೂ ಗಂಡು ಮೈ ಉಬ್ಬಿಸಿ ಹೆಣ್ಣನ್ನು ಕರೆಯುತ್ತದೆ. ಹೋಲಿಕೆ ಅಷ್ಟಕ್ಕೇ ಮುಗಿಯಿತು. ನವಿಲು ಕೋಳಿ, ಕೌಜುಗಗಳ ಫೇಸಿಯಾನಿಡೇ ಕುಟುಂಬದ್ದು. ಎರೆಭೂತದ್ದು ಓಟಿಡಿಡೇ. ಹಿಂದೆ ಇದನ್ನು ಸಾರಸಗಳ ಗಣಕ್ಕೆ ಸೇರಿಸುತ್ತಿದ್ದರು, ಈಗ ಓಟಿಡಿಫಾರ್ಮಿಸ್ ಎಂಬ ಪ್ರತ್ಯೇಕ ಗಣವೇ ಇದೆ.

ಕಾಲು ನೋಡಿದರೆ ಸಾಕು. ನವಿಲಿಗೆ ಮುಂದೆ ಮೂರು, ಹಿಂದೆ ಒಂದು ಬೆರಳು. ಕೊಂಬೆ ಹಿಡಿಯಲು ಬರುವುದರಿಂದ ಹೊತ್ತು ಮುಳುಗುತ್ತಲೇ ಮರ ಏರುತ್ತದೆ. ಎರೆಭೂತಕ್ಕೆ ಹಿಂಬೆರಳೇ ಇಲ್ಲ. ಮಲಗುವುದೂ ಬಯಲಲ್ಲೇ, ಮೊಟ್ಟೆ ಇಡುವುದೂ ಬರಿನೆಲದಲ್ಲೇ. ಅದೂ ಸಾಮಾನ್ಯವಾಗಿ ಒಂದೇ ಒಂದು. ನವಿಲೂ ನೆಲದಲ್ಲೇ ಮೊಟ್ಟೆ ಇಡುತ್ತದೆ, ಆದರೆ ಪೊದೆಯ ಮರೆಯಲ್ಲಿ, ನಾಲ್ಕಾರು. ನಾಯಿ ಬಾಯಿ ಹಾಕಿದರೆ ಯಾರ ನಷ್ಟ ದೊಡ್ಡದೆಂದು ಬೇರೆ ಹೇಳಬೇಕಿಲ್ಲ.

ಬಯಲನ್ನೇ ನಂಬಿದ ಈ ಹಕ್ಕಿಗೆ ರಾಣೆಬೆನ್ನೂರಿನಲ್ಲಿ ಬಯಲೇ ಇಲ್ಲದಂತಾಯಿತು. ಕೃಷ್ಣಮೃಗ ಮತ್ತು ಎರೆಭೂತಕ್ಕೆಂದು 1974ರಲ್ಲಿ 119 ಚದರ ಕಿ.ಮೀ. ಅಭಯಾರಣ್ಯವಾಯಿತು. ಆದರೆ ಹುಲ್ಲುಗಾವಲನ್ನು ‘ಪಾಳು ಭೂಮಿ’ ಎಂದು ಬಗೆದು ನೀಲಗಿರಿ ತೋಪು ಎಬ್ಬಿಸಿದ್ದರು. ದೂರಕ್ಕೆ ಕಣ್ಣು ಹಾಯಿಸಿ ಅಪಾಯ ಕಾಣುವ ಹಕ್ಕಿಗೆ ಮರಗಳ ಸಾಲೇ ಗೋಡೆ. ನವಿಲಿಗೆ ಮಾತ್ರ ಅದು ಮಲಗುವ ಜಾಗ! ಇಂದು ರಾಜ್ಯದಲ್ಲಿ ಎರೆಭೂತ ನೋಡಬೇಕೆಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರಿ ಹೊಲಗಳತ್ತ ಹೋಗಬೇಕು. ವಿದ್ಯುತ್ ತಂತಿಯ ಕಾಟ ಬೇರೆ: ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ನೇರ ಮುಂದಿನ ತಂತಿ ಸರಿಯಾಗಿ ಕಾಣದು, ಕಂಡರೂ ಹತ್ತು ಕೆ.ಜಿ. ಮೀರಬಲ್ಲ ಮೈಯನ್ನು ತಟ್ಟನೆ ತಿರುಗಿಸಲಾಗದು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಎರೆಭೂತ 2011ರಿಂದ ‘ತೀವ್ರ ಅಪಾಯದಂಚಿನ’ ವರ್ಗದಲ್ಲಿದೆ, ನವಿಲು ‘ಕಡಿಮೆ ಆತಂಕ’ದಲ್ಲಿ. ಇದನ್ನೇ ಹಿಡಿದು ನವಿಲಿಗೆ ಕಾನೂನು ಸಡಿಲವೆಂದು ತಿಳಿಯುವವರಿದ್ದಾರೆ. ಕೆಂಪು ಪಟ್ಟಿ ಬೇರೆ, ಕಾಯ್ದೆ ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಎರಡೂ ಒಂದನೇ ಅನುಸೂಚಿಯಲ್ಲಿವೆ. ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು.

ಬೇಟೆಯ ಉದ್ದೇಶವಿಲ್ಲದೆಯೂ ನವಿಲು ಸಾಯುತ್ತವೆ, ಬಿತ್ತನೆ ಕಾಲದಲ್ಲಿ, ಕೀಟನಾಶಕ ಹಚ್ಚಿದ ಗೋವಿನಜೋಳ ತಿಂದು. ಬಿತ್ತಿದ ಮೇಲೆ ಕುಂಟೆ ಹೊಡೆದು ಬೀಜ ಮುಚ್ಚಬೇಕು. ಕೂರಿಗೆ ಹೊರಳುವ ಸಾಲಿನ ತುದಿಯಲ್ಲಿ ಚೆಲ್ಲಿದ ಕಾಳನ್ನು ಆರಿಸಿ, ಉಳಿದ ಬೀಜದೊಂದಿಗೆ ಗುಂಡಿಯಲ್ಲಿ ಹೂಳಬೇಕು. ಬದುವಿಗೆ ಸುರಿದು ಬರುವುದು ಬೇಡ.

– ಪಕ್ಷಿವೀಕ್ಷಕರು, ರಾಣೆಬೆನ್ನೂರು